ಹೈದರ್: ಒಂದು ಹೆಸರು ನಡೆದು ಬಂದ ದಾರಿ

ಸಿಇಟಿ ಬರೆದು ಇಲ್ಲಿಗೆ ಬಂದ ನಮಗೆಲ್ಲ ‘ಎಚ್‌ಕೆ ಕೋಟಾ’ ಅನ್ನೋ ಮಾತು ಚೆನ್ನಾಗಿ ಗೊತ್ತು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಕಡೆಯ ಗೆಳೆಯರಿಗೆ ಸಂವಿಧಾನದ 371-ಜೆ ವಿಧಿಯ ಪ್ರಕಾರ ಸಿಗುವ ಮೀಸಲಾತಿ ಅದು. ಆ ಭಾಗದ ಹೆಸರು 2019ರ ಸೆಪ್ಟೆಂಬರ್‌ನಲ್ಲೇ ‘ಕಲ್ಯಾಣ ಕರ್ನಾಟಕ’ ಅಂತ ಬದಲಾದರೂ ಹಾಸ್ಟೆಲ್ ಮಾತಿನಲ್ಲಿ ‘ಎಚ್‌ಕೆ’ ಇನ್ನೂ ಹೋಗಿಲ್ಲ. ಆ ‘ಎಚ್’ ಅಂದರೆ ಹೈದರಾಬಾದ್. ಹೈದರಾಬಾದಿನ ಒಳಗೆ ಒಬ್ಬ ಹೈದರ್ ಇದ್ದಾನೆ. ಯಾರು ಅವನು?

ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಆರು ಜನ ‘ಹೈದರಾಲಿ’ ಅನ್ನುತ್ತಾರೆ, ಉಳಿದವರು ‘ಯಾರೋ ನಿಜಾಮ ಇರಬೇಕು’ ಅನ್ನುತ್ತಾರೆ. ಎರಡೂ ಅಲ್ಲ. ಹೈದರಾಬಾದ್ ನಗರ ಕಟ್ಟಿದ್ದು 1591ರಲ್ಲಿ. ಮೈಸೂರಿನ ಹೈದರಾಲಿ ಹುಟ್ಟಿದ್ದು ಅದಾದ ಮೇಲೆ ಸುಮಾರು 130 ವರ್ಷಕ್ಕೆ. ನಿಜಾಮರ ಮನೆತನ ಅಲ್ಲಿಗೆ ಬಂದದ್ದೂ ಹದಿನೆಂಟನೇ ಶತಮಾನದಲ್ಲೇ. ಹಾಗಾದರೆ ಈ ಹೈದರ್ ಇನ್ನೂ ಹಳಬ. ಅವನನ್ನು ಹುಡುಕಿಕೊಂಡು ಅರೇಬಿಯಾಕ್ಕೇ ಹೋಗಬೇಕು. ಅದಕ್ಕೂ ಮೊದಲು ಆ ಪದವನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಅರಬ್ಬಿ ಭಾಷೆ ಪದ ಕಟ್ಟುವ ರೀತಿ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಬೇಗ ಹಿಡಿಸುತ್ತದೆ. ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಧಾತು ಇರುತ್ತದೆ, ಅದನ್ನು ಸ್ವರಗಳ ಒಂದು ಅಚ್ಚಿನೊಳಗೆ ಹಾಕಿದರೆ ಪದ ಹೊರಗೆ ಬರುತ್ತದೆ. ಧಾತು ಇನ್‌ಪುಟ್ ಆದರೆ ಅಚ್ಚು ಒಂದು ಫಂಕ್ಷನ್ ಇದ್ದ ಹಾಗೆ. ಇದಕ್ಕೆ ಉದಾಹರಣೆ ಹುಡುಕಲು ಅರಬ್ಬಿ ನಿಘಂಟೇ ಬೇಕಿಲ್ಲ, ನಮ್ಮ ತಾಲ್ಲೂಕು ಕಚೇರಿ ಸಾಕು. ‘ಹ-ಸ-ಲ’ ಧಾತುವಿನಿಂದ ‘ತಹಸೀಲು’ ಬಂತು, ಅದೇ ಧಾತುವಿನಿಂದ ‘ಮಹಸೂಲು’ ಬಂತು. ‘ಹ-ಕ-ಮ’ದಿಂದ ‘ಹುಕುಂ’ ಬಂತು, ‘ಹಕೀಮ’ನೂ ಬಂದ. ಊರಲ್ಲಿ ಬಗರ್ ಹುಕುಂ ಜಮೀನಿನ ಅರ್ಜಿ ಹಿಡಿದುಕೊಂಡು ಅಲೆದ ಮನೆಗಳ ಮಕ್ಕಳಿಗೆ ಈ ಪದದ ತೂಕ ಗೊತ್ತು. ಇನ್ನೊಂದು ಜೋಡಿ ಇನ್ನೂ ಚೆನ್ನಾಗಿದೆ. ‘ಫ-ಸ-ಲ’ ಅಂದರೆ ಬೇರ್ಪಡಿಸು, ವಿಂಗಡಿಸು. ಕಾಲವನ್ನು ವಿಂಗಡಿಸಿದರೆ ಋತು, ಋತುವಿಗೆ ತಕ್ಕ ಬೆಳೆ ‘ಫಸಲು’. ಸರಿ-ತಪ್ಪು ಬೇರ್ಪಡಿಸುವುದು, ಅಂದರೆ ತೀರ್ಪು, ‘ಫೈಸಲು’. ಫೈಸಲ್ ಎಂಬ ಗಂಡು ಹೆಸರೂ ಇದೇ, ನಿರ್ಣಯ ಕೊಡುವವನು ಎಂದು ಅರ್ಥ.

ಈಗ ಫೈಸಲ್ ತಯಾರಿಸಿದ ಅಚ್ಚನ್ನು ಹಾಗೇ ಇಟ್ಟುಕೊಳ್ಳಿ. ಮೊದಲ ವ್ಯಂಜನದ ಮೇಲೆ ‘ಐ’, ಎರಡನೆಯದರ ಮೇಲೆ ‘ಅ’, ಮೂರನೆಯದು ಹಾಗೇ. ಅದರೊಳಗೆ ‘ಫ-ಸ-ಲ’ ಬದಲು ‘ಹ-ದ-ರ’ ಹಾಕಿ. ಬರುವ ಪದ ಹೈದರ್.

‘ಹ-ದ-ರ’ ಧಾತುವಿಗೆ ಮುಖ್ಯವಾಗಿ ಎರಡು ಕಡೆ ಅರ್ಥ ಹರಿಯುತ್ತದೆ. ಒಂದು, ಮೇಲಿಂದ ಕೆಳಕ್ಕೆ ಇಳಿಯುವುದು, ಜಾರುವುದು. ಇನ್ನೊಂದು, ಮೈ ತುಂಬಿಕೊಂಡು ದಪ್ಪಗೆ ಗಟ್ಟಿಯಾಗುವುದು. ಮೊದಲನೆಯದು ನಮಗೆ ಬೇರೆ ಕಡೆ ಸಿಗುತ್ತದೆ. ಅರಬ್ಬಿಯಲ್ಲಿ ಸಂಖ್ಯಾಶಾಸ್ತ್ರ ಓದುವವರು ರಿಗ್ರೆಶನ್‌ಗೆ ‘ಇನ್‌ಹಿದಾರ್’ ಅನ್ನುತ್ತಾರೆ, ಇಳಿಜಾರು ಎಂಬ ಮೂಲಾರ್ಥದ ಅದೇ ಪದ. ಅಂದರೆ ಕೈರೋದಲ್ಲೋ ಬಾಗ್ದಾದಿನಲ್ಲೋ ಮೆಷಿನ್ ಲರ್ನಿಂಗ್ ಕ್ಲಾಸಿನಲ್ಲಿ ಕೂತ ಹುಡುಗನಿಗೆ ಲೀನಿಯರ್ ರಿಗ್ರೆಶನ್ ಮತ್ತು ಪಕ್ಕದ ಬೆಂಚಿನ ಹೈದರ್ ಇಬ್ಬರೂ ಒಂದೇ ಧಾತುವಿನ ನೆಂಟರು. ನಮ್ಮ ಹೆಸರಿಗೆ ಬೇಕಾದದ್ದು ಎರಡನೇ ಅರ್ಥ. ದಪ್ಪ ಕುತ್ತಿಗೆ, ಬಲವಾದ ಮುಂಗಾಲು ಇರುವುದರಿಂದ ಸಿಂಹಕ್ಕೆ ಹೈದರ್ ಎಂಬ ಹೆಸರು ಬಂತು ಎಂದು ‘ಲಿಸಾನ್ ಅಲ್ ಅರಬ್’ ಎಂಬ ದೊಡ್ಡ ನಿಘಂಟು ವಿವರಿಸುತ್ತದೆ. ಹದಿಮೂರನೇ ಶತಮಾನದ ಇಬ್ನ್ ಮನ್ಜೂರ್ ಕಟ್ಟಿದ ನಿಘಂಟು ಅದು. ಮನುಷ್ಯರ ನಡುವೆ ರಾಜ ಹೇಗೋ ಸಿಂಹಗಳ ನಡುವೆ ಹೈದರ್ ಹಾಗೆ ಎಂಬ ಇನ್ನೂ ಹಳೆಯ ಪಂಡಿತರೊಬ್ಬರ ಮಾತೂ ಅದರಲ್ಲಿದೆ. ಅಂದರೆ ಹೈದರ್ ಬರೀ ಸಿಂಹ ಅಲ್ಲ, ಸಿಂಹಗಳಲ್ಲಿ ದೊರೆ.

ಸಿಂಹಕ್ಕೆ ಅರಬ್ಬಿಯಲ್ಲಿ ಇದೊಂದೇ ಪದವಲ್ಲ. ಅಸದ್, ಲೈಸ್, ಉಸಾಮಾ, ಗಜನ್ಫರ್, ಜಿರ್ಗಾಮ್ ಎಲ್ಲವೂ ಸಿಂಹಗಳೇ. ಮುಖ ಗಂಟಿಕ್ಕಿದವನು ಎಂಬ ಅರ್ಥದ ಅಬ್ಬಾಸ್ ಕೂಡ ಸಿಂಹಕ್ಕೆ ಸಲ್ಲುತ್ತದೆ. ನಾವು ಮೃಗೇಂದ್ರ, ಕೇಸರಿ, ಪಂಚಾನನ, ಹರಿ ಅಂತ ಹೇಳಿ ಮಕ್ಕಳಿಗೂ ಆ ಹೆಸರು ಇಡುವುದಿಲ್ಲವೇ, ಹಾಗೇ.

ಇಲ್ಲೊಂದು ಬಲೆ ಇದೆ, ಹೇಳಿಬಿಡುತ್ತೇನೆ. ಕನ್ನಡದಲ್ಲಿ ‘ಹೈದ’ ಅಂದರೆ ಹುಡುಗ. ಹಳ್ಳಿ ಹೈದ ಗೊತ್ತಲ್ಲ. ‘ಹೈದ’ನಿಗೂ ‘ಹೈದರ್’ಗೂ ಸಂಬಂಧ ಇದೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ನಮ್ಮ ಹೈದ ಅಚ್ಚ ದ್ರಾವಿಡ ಪದ, ತಮಿಳಿನ ‘ಪೈಯನ್’ ಬಳಗದವನು. ಹಾಲು-ಪಾಲ್, ಹುಲಿ-ಪುಲಿ ಇದ್ದ ಹಾಗೆ ಪಕಾರ ಕನ್ನಡದಲ್ಲಿ ಹಕಾರ ಆದದ್ದು, ಅಷ್ಟೇ.

ಈಗ ಅರೇಬಿಯಾಕ್ಕೆ ಬರೋಣ. ಮದೀನಾದಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ಖೈಬರ್ ಎಂಬ ಓಯಸಿಸ್ ಇದೆ. 628ರಲ್ಲಿ ಅಲ್ಲಿನ ಕೋಟೆಗಳ ಮುಂದೆ ಯುದ್ಧ ನಡೆಯಿತು. ಎದುರು ಪಕ್ಷದ ವೀರ ಮರ್ಹಬ್ ಮುಂದೆ ಬಂದು ತನ್ನ ಪರಾಕ್ರಮ ಹೇಳಿಕೊಂಡ. ಆಗ ಯುದ್ಧಕ್ಕೆ ಮುನ್ನ ಹೀಗೆ ಪದ್ಯದಲ್ಲಿ ಹೆಸರು, ಕುಲ, ಶೌರ್ಯ ಹೇಳಿಕೊಳ್ಳುವುದು ರೂಢಿ. ನಮ್ಮ ಯಕ್ಷಗಾನದ ಒಡ್ಡೋಲಗ ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಅದಕ್ಕೆ ಉತ್ತರವಾಗಿ ಎದುರು ನಿಂತವನು ಪ್ರವಾದಿ ಮುಹಮ್ಮದರ ಅಳಿಯ, ಚಿಕ್ಕಪ್ಪ-ದೊಡ್ಡಪ್ಪನ ಮಗನೂ ಆಗಿದ್ದ ಅಲಿ. ತನಗೆ ತಾಯಿ ಇಟ್ಟ ಹೆಸರು ಹೈದರಾ ಎಂದು ಅವನು ಹೇಳಿಕೊಂಡದ್ದು ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ಕೊನೆಯ ‘ಆ’ ನೋಡಿ ಹೆಣ್ಣು ಹೆಸರು ಎಂದುಕೊಳ್ಳಬೇಡಿ. ಹಂಜಾ, ತಲ್ಹಾ, ಉಸಾಮಾ ಎಲ್ಲ ಗಂಡಸರೇ.

ತಾಯಿ ಯಾಕೆ ಆ ಹೆಸರಿಟ್ಟಳು? ಇದಕ್ಕೆ ಹಳೆಯ ಪಂಡಿತರು ಒಂದು ಕಥೆ ಹೇಳುತ್ತಾರೆ. ಅಲಿಯ ತಾಯಿಯ ಹೆಸರು ಫಾತಿಮಾ ಬಿಂತ್ ಅಸದ್, ಅಂದರೆ ಅಸದನ ಮಗಳು ಫಾತಿಮಾ. ಅಸದ್ ಎಂದರೂ ಸಿಂಹವೇ. ಮಗು ಹುಟ್ಟಿದಾಗ ಗಂಡ ಅಬೂ ತಾಲಿಬ್ ಊರಲ್ಲಿರಲಿಲ್ಲ. ಆಕೆ ತನ್ನ ಅಪ್ಪನ ಹೆಸರನ್ನೇ ಮಗುವಿಗೆ ಇಟ್ಟಳು. ಗಂಡ ವಾಪಸು ಬಂದವನು ಆ ಹೆಸರು ಒಪ್ಪದೆ ‘ಅಲಿ’, ಅಂದರೆ ಉನ್ನತ, ಎಂದು ಕರೆದ. ಯುದ್ಧಭೂಮಿಯಲ್ಲಿ ಅಲಿ ನೆನಪಿಸಿಕೊಂಡದ್ದು ಆ ಮೊದಲ ಹೆಸರನ್ನು, ಅಜ್ಜನ ‘ಅಸದ್’ ಬದಲು ಅದೇ ಅರ್ಥದ ‘ಹೈದರಾ’ ಬಳಸಿ. ಐತಿಹ್ಯವೇ ಇರಬಹುದು, ಆದರೆ ನನಗೆ ಈ ಕಥೆ ಇಷ್ಟ. ತವರಿನ ಹೆಸರು ಇಡಬೇಕೆಂದು ತಾಯಿ, ಬೇಡವೆಂದು ತಂದೆ, ಈ ಜಗಳ ನಮ್ಮ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಅಪ್ಪ ಇಟ್ಟದ್ದು ಅಧಿಕೃತ ಹೆಸರಾಯಿತು, ಅಮ್ಮ ಇಟ್ಟದ್ದು ಬಿರುದಾಗಿ ಸಾವಿರಾರು ಮೈಲಿ ಹೋಯಿತು.

ಬಿರುದು ಅಂದೆ. ಹಳೆಯ ಅರಬ್ಬಿ ಹೆಸರಿಗೆ ಹಲವು ಭಾಗಗಳಿರುತ್ತವೆ. ಹುಟ್ಟಿದಾಗ ಇಟ್ಟದ್ದು ‘ಇಸ್ಮ್’. ಮಗುವಿನ ಹೆಸರಿನಿಂದ ತಂದೆ-ತಾಯಿಯನ್ನು ಕರೆಯುವುದು ‘ಕುನ್ಯಾ’. ಅಲಿಗೆ ಅಬುಲ್ ಹಸನ್, ಹಸನನ ಅಪ್ಪ, ಎಂಬ ಕುನ್ಯಾ ಇತ್ತು. ಇಂಥವರ ಮಗ ಎಂದು ಹೇಳುವುದು ‘ನಸಬ್’. ಊರು ಅಥವಾ ಕುಲದಿಂದ ಬಂದದ್ದು ‘ನಿಸ್ಬಾ’, ಕೊನೆಗೆ ‘ಈ’ ಹತ್ತುತ್ತದೆ. ಹೈದರಾಬಾದಿ ಬಿರಿಯಾನಿಯಲ್ಲಿ ಇರುವುದು ಅದೇ ‘ಈ’. ಖ್ವಾರಿಜ್ಮ್ ಪ್ರದೇಶದ ಗಣಿತಜ್ಞ ಅಲ್ ಖ್ವಾರಿಜ್ಮೀ, ಅವನ ನಿಸ್ಬಾದಿಂದಲೇ ನಮ್ಮ ‘ಅಲ್ಗಾರಿದಮ್’ ಹುಟ್ಟಿತು. ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ಧಾರವಾಡ, ಬಿಜಾಪುರ ಎಂದು ಅಡ್ಡಹೆಸರು ಇಟ್ಟುಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಭಾಗ ‘ಲಕಬ್’, ಅಂದರೆ ಬಿರುದು. ಹೈದರ್ ಅಲಿಗೆ ಲಕಬ್ ಆಗಿತ್ತು. ಮುಂದಿನ ಪೀಳಿಗೆಗಳು ಅದನ್ನು ಇಸ್ಮ್ ಮಾಡಿಕೊಂಡವು. ಬಿರುದು ನೇರವಾಗಿ ತೊಟ್ಟಿಲಿಗೆ ಇಳಿಯಿತು.

ಅಲಿಯ ಮೇಲಿನ ಭಕ್ತಿ ಎಲ್ಲೆಲ್ಲಿ ಹಬ್ಬಿತೋ ಅಲ್ಲೆಲ್ಲ ಈ ಹೆಸರೂ ಹೋಯಿತು. ಷಿಯಾಗಳಲ್ಲಿ ಹೆಚ್ಚು, ಆದರೆ ಸುನ್ನಿಗಳಲ್ಲೂ ಸೂಫಿಗಳಲ್ಲೂ ಕಡಿಮೆ ಏನಿಲ್ಲ. ಈಶಾನ್ಯ ಇರಾನಿನಲ್ಲಿ ತುರ್ಬತೆ ಹೈದರೀಯೆ ಎಂಬ ಊರಿದೆ, ಕುತುಬುದ್ದೀನ್ ಹೈದರ್ ಎಂಬ ಸೂಫಿಯ ಸಮಾಧಿ ಇರುವುದರಿಂದ ಆ ಹೆಸರು. ಹದಿನೈದನೇ ಶತಮಾನದಲ್ಲಿ ಸಫವಿ ಪಂಥದ ಶೇಖ್ ಹೈದರ್ ತನ್ನ ಅನುಯಾಯಿಗಳಿಗೆ ಹನ್ನೆರಡು ಮಡಿಕೆಯ ಕೆಂಪು ಟೊಪ್ಪಿ ಕೊಟ್ಟ. ಹನ್ನೆರಡು ಇಮಾಮರಿಗೆ ಹನ್ನೆರಡು ಮಡಿಕೆ. ಅದಕ್ಕೆ ‘ತಾಜೆ ಹೈದರೀ’ ಎಂದೂ, ತೊಟ್ಟವರಿಗೆ ‘ಕಿಜಿಲ್‌ಬಾಶ್’, ಅಂದರೆ ಕೆಂಪು ತಲೆಯವರು ಎಂದೂ ಹೆಸರು ಬಿತ್ತು. ಅವನ ಮಗ ಇಸ್ಮಾಯಿಲ್ 1501ರಲ್ಲಿ ಇರಾನಿನ ಷಹಾ ಆದ. ಬಾಬರನ ನೆಂಟ ಮಿರ್ಜಾ ಹೈದರ್ ದುಘಲಾತ್ 1540ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಕಾಶ್ಮೀರ ಆಳಿದ, ‘ತಾರೀಖೆ ರಶೀದಿ’ ಎಂಬ ಇತಿಹಾಸವನ್ನೂ ಬರೆದ.

ದಖ್ಖನಿನಲ್ಲಿ ಗೋಲ್ಕೊಂಡದ ಕುತುಬ್‌ಶಾಹಿಗಳು ಷಿಯಾಗಳು. ಕೋಟೆಯೊಳಗೆ ಜನ ತುಂಬಿ, ನೀರು ಸಾಲದಾದಾಗ ಮುಹಮ್ಮದ್ ಕುಲಿ ಕುತುಬ್‌ಶಾ ಮೂಸಿ ನದಿಯ ಆಚೆ ಹೊಸ ನಗರ ಹಾಕಿದ. ನಟ್ಟನಡುವೆ ಚಾರ್‌ಮಿನಾರ್. ಹಿಜರಿ ಶಕೆಯ ಸಾವಿರನೇ ವರ್ಷ ಶುರುವಾದದ್ದೂ ಅದೇ 1591ರಲ್ಲಿ. ಊರಿಗೆ ಹೈದರಾಬಾದ್, ಹೈದರನ ಊರು, ಎಂದು ಹೆಸರಾಯಿತು. ‘ಆಬಾದ್’ ಪಾರ್ಸಿ ಪದ, ಜನ ನೆಲೆಸಿ ಸೊಂಪಾಗಿರುವ ಜಾಗ. ಇಲ್ಲಿ ಭಾಗಮತಿಯ ಕಥೆ ಬಿಟ್ಟರೆ ನೀವು ಸುಮ್ಮನಿರುವುದಿಲ್ಲ. ಭಾಗಮತಿ ಎಂಬ ನರ್ತಕಿಯನ್ನು ಸುಲ್ತಾನ ಪ್ರೀತಿಸಿದ, ಊರಿಗೆ ಭಾಗನಗರ ಎಂದು ಹೆಸರಿಟ್ಟ, ಅವಳು ಹೈದರ್ ಮಹಲ್ ಆದ ಮೇಲೆ ಅದು ಹೈದರಾಬಾದ್ ಆಯಿತು ಎಂದು ಕಥೆ. ಭಾಗನಗರ ಎಂಬ ಹೆಸರಂತೂ ಬಳಕೆಯಲ್ಲಿತ್ತು, ಹದಿನೇಳನೇ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಕೂಡ ಅದನ್ನೇ ಬರೆದ. ಆದರೆ ಭಾಗಮತಿ ನಿಜವಾಗಿ ಇದ್ದಳು ಎಂಬುದನ್ನು ದಖ್ಖನಿನ ಹಿರಿಯ ಇತಿಹಾಸಕಾರ ಹಾರೂನ್ ಖಾನ್ ಶೇರ್‌ವಾನಿ ಒಪ್ಪಲಿಲ್ಲ. ನನಗೂ ಅಲಿಯ ಬಿರುದಿನ ವಿವರಣೆಯೇ ಸರಳ ಅನಿಸುತ್ತದೆ. ಯಾಕೆಂದರೆ ಸಿಂಧ್ ಪ್ರಾಂತದಲ್ಲಿ 1768ರಲ್ಲಿ ಗುಲಾಮ್ ಶಾ ಕಲ್ಹೋಡೋ ಇನ್ನೊಂದು ಹೈದರಾಬಾದ್ ಕಟ್ಟಿದ, ಅದೂ ಅಲಿಯ ಹೆಸರಿನಲ್ಲೇ. ಅಲ್ಲಿ ಭಾಗಮತಿಯ ಅಗತ್ಯ ಬೀಳಲಿಲ್ಲ.

ಹಾಗಾಗಿ ನಮ್ಮ ‘ಎಚ್‌ಕೆ’ಯ ದಾರಿ ಹೀಗೆ: ಖೈಬರಿನಲ್ಲಿ ಕೂಗಿ ಹೇಳಿದ ಹೆಸರು ಊರಿಗೆ ಬಂತು, ಊರಿನ ಹೆಸರು ನಿಜಾಮರ ರಾಜ್ಯಕ್ಕೆ ಬಂತು, 1956ರ ನವೆಂಬರ್ 1ರಂದು ಆ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅವುಗಳ ಬೆನ್ನಿಗೇ ಅಂಟಿಕೊಂಡು ಬಂತು. ಬಳ್ಳಾರಿಯದು ಬೇರೆ ಕಥೆ, ಅದು ಮದ್ರಾಸಿನ ಕಡೆಯಿಂದ 1953ರಲ್ಲೇ ಬಂದಿತ್ತು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಪರದಾಡಿದ, ರಜಾಕಾರರ ಕಾಲ ನೋಡಿದ ಜನಕ್ಕೆ ಆ ಹೆಸರು ಕಹಿ ಆಗಿದ್ದರೆ ತಪ್ಪೇನಿಲ್ಲ. ಬಸವಣ್ಣನ ಕಲ್ಯಾಣ ಅಲ್ಲೇ ಇರುವಾಗ ಬೇರೆ ರಾಜ್ಯದ ರಾಜಧಾನಿಯ ಹೆಸರಿನಿಂದ ಯಾಕೆ ಕರೆಸಿಕೊಳ್ಳಬೇಕು ಎಂಬ ವಾದವೂ ಸರಿ. ಹೆಸರು ಬದಲಾದದ್ದು ಒಳ್ಳೆಯದೇ ಆಯಿತು. ಆದರೆ ಆ ಚರ್ಚೆಯಲ್ಲಿ ಕೆಲವರು ‘ಹೈದರ್’ ಎಂಬ ಪದವನ್ನೇ ನಿಜಾಮನ ಗುರುತು ಎನ್ನುವಂತೆ ಮಾತಾಡುವುದುಂಟು. ಅದು ಆ ಪದಕ್ಕೆ ಮಾಡುವ ಅನ್ಯಾಯ, ಅದನ್ನು ಹೊತ್ತು ತಿರುಗುವ ನಮ್ಮ ಸಹಪಾಠಿಗಳಿಗೂ ಅನ್ಯಾಯ.

ಇನ್ನು ನಮ್ಮ ಹೈದರಾಲಿ. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದವನು. ಅಪ್ಪ ಫತೇ ಮುಹಮ್ಮದ್, ಅಣ್ಣ ಶಹಬಾಜ್. ಶಹಬಾಜ್ ಅಂದರೆ ರಾಜ ಗಿಡುಗ. ಅಣ್ಣ ಹಕ್ಕಿ, ತಮ್ಮ ಸಿಂಹ. ಸೈನ್ಯದಲ್ಲಿ ಮೇಲೇರಿ ‘ಹೈದರ್ ನಾಯಕ’ ಎನಿಸಿಕೊಂಡು, 1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಅವನ ಕೈಗೆ ಬಂತು. ಓದು ಬರಹ ಬರುತ್ತಿರಲಿಲ್ಲ, ಆದರೆ ಅವನ ಹೆಸರಿನ ಒಂದು ಅಕ್ಷರ ದಕ್ಷಿಣ ಭಾರತದ ಎಲ್ಲ ನಾಣ್ಯಸಂಗ್ರಹಕಾರರಿಗೂ ಪರಿಚಿತ.

1763ರಲ್ಲಿ ಅವನು ಕೆಳದಿ ಅರಸರ ಬಿದನೂರು ಗೆದ್ದ. ಅಪಾರ ಸಂಪತ್ತು ಸಿಕ್ಕಿತು, ಅಲ್ಲೇ ಟಂಕಸಾಲೆ ನಡೆಸಿ ಚಿನ್ನದ ವರಾಹ ಹೊಡೆಸಿದ. ಆ ವರಾಹದ ಒಂದು ಮುಖದಲ್ಲಿ ಶಿವ-ಪಾರ್ವತಿ, ಇಕ್ಕೇರಿ ವರಾಹದಲ್ಲಿ ಮೊದಲಿಂದ ಇದ್ದ ಹಾಗೇ. ಇನ್ನೊಂದು ಮುಖದಲ್ಲಿ ಚುಕ್ಕಿಗಳ ನಡುವೆ ಒಂದೇ ಒಂದು ಪಾರ್ಸಿ ಅಕ್ಷರ, ಹೈದರ್ ಪದದ ಮೊದಲ ‘ಹ’. ಅಷ್ಟೇ. ಪೂರ್ತಿ ಹೆಸರಿಲ್ಲ, ಬಿರುದಿಲ್ಲ. ಮಲೆನಾಡಿನ ವ್ಯಾಪಾರಿಗೆ ತನ್ನ ಪರಿಚಯದ ದೇವರು ಕಂಡರೆ ಸಾಕು, ನಾಣ್ಯ ನಡೆಯುತ್ತದೆ ಎಂಬ ಲೆಕ್ಕಾಚಾರ ಅದರಲ್ಲಿ ಇದ್ದೇ ಇರುತ್ತದೆ. ಟಿಪ್ಪು ಬಂದ ಮೇಲೆ ಎಷ್ಟೋ ಬದಲಾಯಿಸಿದ, ಆದರೆ ಅಪ್ಪನ ‘ಹ’ವನ್ನು ತನ್ನ ನಾಣ್ಯಗಳಲ್ಲೂ ಉಳಿಸಿಕೊಂಡ. ಎರಡು ರೂಪಾಯಿ ಬೆಲೆಯ ದೊಡ್ಡ ಬೆಳ್ಳಿ ನಾಣ್ಯಕ್ಕೆ ‘ಹೈದರೀ’ ಎಂದು ಹೆಸರಿಟ್ಟ. ನಾವು ಅದನ್ನು ಅಪ್ಪನ ನೆನಪು ಅಂದುಕೊಳ್ಳುತ್ತೇವೆ, ಆದರೆ ಅವನ ಉಳಿದ ಹಲವು ನಾಣ್ಯಗಳಿಗೂ ಖಲೀಫರ, ಇಮಾಮರ ಹೆಸರುಗಳೇ ಇರುವುದರಿಂದ ಈ ಹೈದರ್ ಖೈಬರಿನ ಅಲಿ ಎಂದೇ ನಾಣ್ಯ ತಜ್ಞರು ಹೇಳುತ್ತಾರೆ. ಹಿರಿಯ ಮಗನಿಗೆ ಅವನು ಇಟ್ಟ ಹೆಸರು ಫತೇ ಹೈದರ್. ಮುತ್ತಜ್ಜನ ಫತೇ, ಅಜ್ಜನ ಹೈದರ್, ಎರಡೂ ಅದರಲ್ಲಿ ಬಂದವು.

ಅಪ್ಪ ಸಿಂಹವಾದರೆ ಮಗ ಹುಲಿ ಹೇಗಾದ? ಪಾರ್ಸಿಯ ‘ಶೇರ್’ ಸಿಂಹ, ಅದೇ ಪದ ಉರ್ದು-ಹಿಂದಿಗೆ ಬರುವಷ್ಟರಲ್ಲಿ ಹುಲಿಗೂ ಸಲ್ಲತೊಡಗಿತು. ಟಿಪ್ಪುವಿನ ಬಾವುಟಗಳಲ್ಲಿ ‘ಅಸದುಲ್ಲಾಹಿಲ್ ಗಾಲಿಬ್’, ದೇವರ ವಿಜಯಿ ಸಿಂಹ, ಎಂಬ ಅಲಿಯ ಬಿರುದನ್ನೇ ಹುಲಿಮುಖದ ಆಕಾರದಲ್ಲಿ ಬರೆದಿದ್ದಾರೆ. ಓದಿದರೆ ಸಿಂಹ, ನೋಡಿದರೆ ಹುಲಿ. ಶ್ರೀರಂಗಪಟ್ಟಣದ ಗುಂಬಜಿನೊಳಗೆ ಹೈದರಾಲಿಯ ಸಮಾಧಿಯ ಸುತ್ತ ಗೋಡೆಗೆ ಹುಲಿಪಟ್ಟೆ ಬಳಿದಿರುವುದನ್ನು ಮುಂದಿನ ಟ್ರಿಪ್ಪಿನಲ್ಲಿ ಗಮನಿಸಿ. ಅಂದಹಾಗೆ ಕೆಲವು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಟಿಪ್ಪು’ ಎಂದರೆ ಕನ್ನಡದಲ್ಲಿ ಹುಲಿ ಎಂದು ಬರೆದಿದೆ. ಕನ್ನಡ ಗೊತ್ತಿರುವವರು ನಕ್ಕು ಮುಂದೆ ಹೋಗಬಹುದು.

ಗೆದ್ದ ಬಿದನೂರಿಗೆ ಹೈದರಾಲಿ ‘ಹೈದರ್ ನಗರ’ ಎಂದು ಹೆಸರಿಟ್ಟ. ಕಾಲ ಕಳೆದಂತೆ ಹೈದರ್ ಉದುರಿಹೋಗಿ ‘ನಗರ’ ಮಾತ್ರ ಉಳಿಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ಈಗಲೂ ಅದು ಬರೀ ‘ನಗರ’, ಒಂದು ಸಣ್ಣ ಮಲೆನಾಡ ಊರು. ತಾಲ್ಲೂಕಿನ ಹೆಸರು ಹೊಸನಗರ. ಹೊಸನಗರಕ್ಕೆ ‘ಹೊಸ’ ಯಾಕೆ ಬಂತು ಎಂದು ಆ ಕಡೆಯ ಗೆಳೆಯರು ಯೋಚಿಸಿದ್ದರೆ, ಈ ಹಳೆಯ ನಗರವೇ ಉತ್ತರ.

ದೂರದ ಒಂದು ಉದಾಹರಣೆ ಕೊಡದೆ ಇರಲಾರೆ, ಸಿವಿಲ್ ಮತ್ತು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗಾಗಿ. ಅಜರ್‌ಬೈಜಾನಿನ ಬಾಕು ನಗರದಲ್ಲಿ ಅಲೆಯಂತೆ ನೆಲದಿಂದೆದ್ದು ಬಾಗಿದ ಬಿಳಿ ಕಟ್ಟಡದ ಚಿತ್ರ ನೀವು ನೋಡಿಯೇ ಇರುತ್ತೀರಿ, 2012ರಲ್ಲಿ ತೆರೆದ ಹೇದರ್ ಅಲಿಯೆವ್ ಕೇಂದ್ರ. 1993ರಿಂದ 2003ರವರೆಗೆ ಅಲ್ಲಿ ಅಧ್ಯಕ್ಷನಾಗಿದ್ದವನ ಹೆಸರು. ‘ಅಲಿಯೆವ್’ನಲ್ಲಿ ಕೊನೆಯ ರಷ್ಯನ್ ಬಾಲ ತೆಗೆದರೆ ಉಳಿಯುವುದು ಹೇದರ್ ಅಲಿ. ಬೂದಿಕೋಟೆಯವನದೂ ಬಾಕುವಿನವನದೂ ಒಂದೇ ಹೆಸರು! ಕಟ್ಟಡದ ವಿನ್ಯಾಸ ಬಾಗ್ದಾದಿನಲ್ಲಿ ಹುಟ್ಟಿದ ಜಹಾ ಹದೀದ್ ಅವರದು. ‘ಹದೀದ್’ ಅಂದರೆ ಅರಬ್ಬಿಯಲ್ಲಿ ಕಬ್ಬಿಣ. ಸ್ಪೇಸ್ ಫ್ರೇಮ್ ಮೇಲೆ ನಿಂತ ಕಟ್ಟಡಕ್ಕೆ ಇದಕ್ಕಿಂತ ತಕ್ಕ ಹೆಸರು ಎಲ್ಲಿ ಸಿಗುತ್ತದೆ ಹೇಳಿ. ಇಸ್ತಾಂಬುಲ್ ಕಡೆ ಹೋದರೆ ಹೈದರ್‌ಪಾಶಾ ರೈಲು ನಿಲ್ದಾಣ ಇದೆ, ಸಮುದ್ರದ ಅಂಚಿನಲ್ಲಿ ಸಾವಿರಕ್ಕೂ ಹೆಚ್ಚು ಮರದ ಕಂಬಗಳನ್ನು ನೆಟ್ಟು ಅದರ ಮೇಲೆ ಕಟ್ಟಿದ್ದು. ಸಾಹಿತ್ಯದವರಿಗೆ ‘ಆಗ್ ಕಾ ದರಿಯಾ’ ಬರೆದ, ಜ್ಞಾನಪೀಠ ಪಡೆದ ಕುರ್ರತುಲ್ ಐನ್ ಹೈದರ್ ಇದ್ದಾರೆ. ಸಿನಿಮಾದವರಿಗೆ 2014ರ ‘ಹೈದರ್’, ಕಾಶ್ಮೀರದ ಹ್ಯಾಮ್ಲೆಟ್.

ಇಷ್ಟೆಲ್ಲ ಊರು ಸುತ್ತಿದ ಹೆಸರಿಗೆ ಒಂದು ತಲೆನೋವು ಗ್ಯಾರಂಟಿ: ಸ್ಪೆಲಿಂಗ್. ಅರಬ್ಬಿಯಲ್ಲಿ ಎರಡು ‘ಹ’ಗಳಿವೆ, ಹೈದರಿನದು ಗಂಟಲ ಆಳದಿಂದ ಬರುವ ಬಿಗಿ ‘ಹ’. ಪಾರ್ಸಿ, ಉರ್ದುವಿನವರು ಅಕ್ಷರ ಉಳಿಸಿಕೊಂಡು ಉಚ್ಚಾರ ಬಿಟ್ಟರು. ರಷ್ಯನ್ನಿನಲ್ಲಿ ‘ಹ’ಕ್ಕೆ ಸರಿಯಾದ ಅಕ್ಷರ ಇಲ್ಲದೆ ಅಲಿಯೆವ್ ‘ಗೇದರ್’ ಆದ. ಕನ್ನಡದಲ್ಲಿ ಒಂದೇ ರೀತಿ ಬರೆಯುತ್ತೇವೆ, ಹೈದರ್, ಮುಗೀತು. ಇಂಗ್ಲಿಷಿನಲ್ಲಿ ಮಾತ್ರ ಮೊದಲ ಸ್ವರವನ್ನು ಎ-ಐ, ಎ-ವೈ, ಇ-ವೈ, ಬರೀ ವೈ ಎಂದೆಲ್ಲ ಬರೆಯುತ್ತಾರೆ, ಎರಡನೆಯದು ಎ ಅಥವಾ ಇ. ಗುಣಿಸಿದರೆ ಒಂದೇ ಹೆಸರಿಗೆ ಎಂಟು ಅವತಾರ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇದ್ದರೆ ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ಅಫಿಡವಿಟ್ ಮಾಡಿಸಲು ಓಡಾಡಬೇಕು. ನಮ್ಮಲ್ಲಿ ‘ಲಕ್ಷ್ಮಿ’, ‘ಐಶ್ವರ್ಯ’ಗಳಿಗೂ ಈ ಕಾಟ ಇದೆ, ಆದರೆ ಇವರ ವಿಷಯದಲ್ಲಿ ಒಂದು ಅಕ್ಷರದ ವ್ಯತ್ಯಾಸವನ್ನು ಕೆಲವರು ಸುಮ್ಮನೆ ಅನುಮಾನದ ಕಣ್ಣಿನಿಂದ ನೋಡುತ್ತಾರೆ.

ಕೋಡಿಂಗ್ ಕಡೆಯವರಿಗೆ ಒಂದು ಸಣ್ಣ ಪ್ರಯೋಗ. ಹೆಸರುಗಳನ್ನು ಉಚ್ಚಾರದಿಂದ ಗುರುತಿಸಲು ಸೌಂಡೆಕ್ಸ್ ಎಂಬ ವಿಧಾನ ಇದೆ, 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಡಿ ಅಕ್ಷರಕ್ಕೆ 3, ಆರ್‌ಗೆ 6, ಖಾಲಿ ಜಾಗಕ್ಕೆ ಸೊನ್ನೆ. ಹಾಕಿ ನೋಡಿದರೆ ಎಂಟೂ ಸ್ಪೆಲಿಂಗುಗಳು ಎಚ್-360 ಎಂದು ಒಂದೇ ಕಡೆ ಬಂದು ನಿಲ್ಲುತ್ತವೆ. ಸ್ವರ ಬದಲಾದರೂ ವ್ಯಂಜನ ಹಿಡಿದು ನಿಲ್ಲುವ ಈ ಗುಣ ಅರಬ್ಬಿ ಧಾತುವಿನ ಲಕ್ಷಣವೇ ಅಲ್ವಾ? ರಷ್ಯನ್ ಗೇದರ್ ಮಾತ್ರ ಮೊದಲ ಅಕ್ಷರ ಬೇರೆ ಆದ್ದರಿಂದ ಜಿ-360 ಆಗಿ ಹೊರಗೆ ಉಳಿಯುತ್ತಾನೆ. ಹಾಗೆಂದು ಇದನ್ನೇ ನಂಬಿ ಕಾಲೇಜಿನ ಡೇಟಾಬೇಸ್ ಬರೆಯಲು ಹೋಗಬೇಡಿ, ಇಂಗ್ಲಿಷಿನಲ್ಲಿ ಹೀದರ್ ಎಂಬ ಹೆಣ್ಣು ಹೆಸರಿದೆ, ಆಕೆಯ ಕೋಡ್ ಕೂಡ ಎಚ್-360.